ಬೀದರಿನ ಗರಸು ನೆಲದ ಹಳೇ ಶಿರಾಜ್: ಕೆಂಪು ವೈನ್ ಮಾಡುವ ನನ್ನ ಕ್ರಮ

ಆಸ್ಟ್ರೇಲಿಯಾದ ಬರೋಸಾದಲ್ಲಿ ದ್ರಾಕ್ಷಿ ಬಳ್ಳಿಗೆ 35 ವರ್ಷ ತುಂಬಿದ ಮೇಲೇ ‘ಹಳೇದು’ ಎಂಬ ಪಟ್ಟ. 2009ರಲ್ಲಿ ಅವರು ಮಾಡಿಕೊಂಡ ವರ್ಗೀಕರಣದಲ್ಲಿ ಅದರ ಮೇಲೆ 70, 100, 125 ವರ್ಷದ ಮೆಟ್ಟಿಲುಗಳೂ ಇವೆ. ಆ ಲೆಕ್ಕ ನಮಗೆ ಹೊಂದುವುದಿಲ್ಲ. ಅಲ್ಲಿ ಬಳ್ಳಿ ಚಳಿಗಾಲವಿಡೀ ಎಲೆ ಉದುರಿಸಿ ಮಲಗುತ್ತದೆ. ಇಲ್ಲಿ ಅದಕ್ಕೆ ನಿದ್ದೆಯೇ ಇಲ್ಲ, ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿಯ ಕೊಂಬೆ ಸವರುವ ಕೆಲಸ. ತಿನ್ನುವ ದ್ರಾಕ್ಷಿಯ ಪಡವನ್ನು ಹದಿನೈದು ವರ್ಷದ ಆಸುಪಾಸಿನಲ್ಲಿ ಕಿತ್ತುಹಾಕುವುದೇ ರೂಢಿ. ಕರ್ನಾಟಕದ ವೈನ್ ನೀತಿ ಬಂದದ್ದು 2007ರಲ್ಲಿ. ಆ ಕಾಲಕ್ಕೆ ನೆಟ್ಟ ಶಿರಾಜ್‌ನಂಥ ವೈನ್ ತಳಿ ಇಂದಿಗೂ ನಿಂತಿದ್ದರೆ ನಮ್ಮ ಕಡೆ ಅದೇ ಹಿರಿಯ ಬಳ್ಳಿ.

ವಯಸ್ಸಾದ ಮಾತ್ರಕ್ಕೆ ವೈನ್ ಚೆನ್ನಾಗುತ್ತದೆ ಎಂದು ನಾನು ನಂಬುವುದಿಲ್ಲ. ಹಳೇ ಬಳ್ಳಿ ಕೊಡುವುದು ಎರಡೇ: ತಾನಾಗಿ ಕಡಿಮೆಯಾಗುವ ಇಳುವರಿ, ಗರಸಿನೊಳಗೆ ಆಳಕ್ಕಿಳಿದ ಬೇರು. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ನಿಲ್ಲುವುದಿಲ್ಲ, ಹಾಗಾಗಿ ಬೇರು ಕೊಳೆಯದೆ ಕೆಳಕ್ಕೆ ಹೋಗುತ್ತದೆ. ಕಲಬುರಗಿ ಕಡೆಯ ಎರೆಭೂಮಿಯಲ್ಲಿ ಇದು ಕಷ್ಟ. ಸಿಕ್ಕ ಈ ಲಾಭವನ್ನು ಬಿಸಿಲು ಮತ್ತು ಪಿಎಚ್ (ಹುಳಿಯ ಅಳತೆ, ಅದು ಏರಿದಷ್ಟೂ ಹುಳಿ ಕಡಿಮೆ) ಸೇರಿ ತಿಂದುಹಾಕದಂತೆ ನೋಡಿಕೊಳ್ಳುವುದೇ ವೈನ್ ಮಾಡುವವನ ಕೆಲಸ.

ಚಾಟ್ನಿಗೆ ಮೊದಲು ಬೊಡ್ಡೆ ನೋಡಬೇಕು. ಸಡಿಲ ತೊಗಟೆಯ ಅಡಿಯಲ್ಲಿ ಹಿಟ್ಟು ತಿಗಣೆ ಅಡಗಿರುತ್ತದೆ. ಅದರ ಅಂಟು ಗೊನೆಗೆ ಬಿದ್ದರೆ ಕಪ್ಪು ಬೂಷ್ಟು ಹಿಡಿಯುತ್ತದೆ, ವೈನಿಗೂ ಮುಗ್ಗಲು ವಾಸನೆ ಬರುತ್ತದೆ. ತೊಗಟೆಯನ್ನು ಕೈಯಿಂದಲೇ ಸುಲಿದು ಸುಡುತ್ತೇನೆ. ಬುಡದಲ್ಲಿ ಮರದ ಪುಡಿ ಉದುರಿದ್ದರೆ ಕಾಂಡಕೊರಕ ಒಳಗಿದೆ ಎಂದೇ ಅರ್ಥ. ತೂತಿಗೆ ತಂತಿ ಹಾಕಿ ಹುಳು ಕೊಂದು ಹಸಿ ಮಣ್ಣಿನಿಂದ ಮುಚ್ಚುತ್ತೇನೆ. ಬಳ್ಳಿಯ ತೋಳು, ಅಂದರೆ ಬೊಡ್ಡೆಯಿಂದ ಹಬ್ಬಿಸಿದ ದಪ್ಪ ಕೊಂಬೆ, ಒಣಗಿದ್ದರೆ ಕೆಳಗಿನ ಚಿಗುರೊಂದನ್ನು ಬೆಳೆಸಿ ಹೊಸ ತೋಳು ಮಾಡಬಹುದು. ಆದರೆ ಆ ಚಿಗುರು ಕಸಿಗಂಟಿನ ಮೇಲಿನದೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಗಂಟಿನ ಕೆಳಗಿನದು ಡಾಗ್‌ರಿಡ್ಜ್ ಬೇರುಸಸಿಯದು, ಅದರಿಂದ ವೈನಿನ ಹಣ್ಣು ಬರುವುದಿಲ್ಲ.

ಹಣ್ಣಿಗಾಗಿ ಮಾಡುವ ಚಾಟ್ನಿಯ ತಾರೀಖು ನಿಜವಾದ ಜೂಜು. ಶಿರಾಜ್ ಚಾಟ್ನಿಯಿಂದ ಕೊಯ್ಲಿಗೆ ಸುಮಾರು 130–140 ದಿನ ತೆಗೆದುಕೊಳ್ಳುತ್ತದೆ. ಸೆಪ್ಟೆಂಬರ್ ನಡುವೆ ಮಾಡಿದರೆ ಜನವರಿ ಕೊನೆಗೆ, ರಾತ್ರಿ ಥಂಡಿ ಇರುವಾಗಲೇ ಹಣ್ಣು ಮಾಗುತ್ತದೆ. ಬಣ್ಣ ಮತ್ತು ಹುಳಿ ಉಳಿಯುವುದು ಆ ಥಂಡಿಯಿಂದಲೇ. ಆದರೆ ಹಿಂಗಾರು ಮುಂಗಾರು ಕೂಡುವ ಆ ಹೊತ್ತಿನಲ್ಲಿ ಮಳೆ ಹಿಡಿದರೆ ಎಳೆ ಗೊನೆಯನ್ನು ಡೌನಿ ಎಂಬ ಬೂಷ್ಟು ರೋಗ ಮುಗಿಸುತ್ತದೆ. ಅಕ್ಟೋಬರ್ ನಡುವೆ ಮಾಡಿದರೆ ರೋಗ ಕಡಿಮೆ, ಆದರೆ ಕೊಯ್ಲು ಮಾರ್ಚಿಗೆ ಜಾರುತ್ತದೆ. ಆಗ ಸಕ್ಕರೆ ಏರುತ್ತದೆ, ಹುಳಿ ಕುಸಿಯುತ್ತದೆ. ನಾನು ಸೆಪ್ಟೆಂಬರ್ ಕೊನೆಯ ವಾರವನ್ನೇ ಆರಿಸುತ್ತೇನೆ. ಔಷಧಿ ಸಿಂಪಡಣೆ ಎರಡು ಸಲ ಹೆಚ್ಚಾದರೂ ಪರವಾಗಿಲ್ಲ.

ಹಳೇ ತೋಳಿನಲ್ಲಿ ಕಣ್ಣು ಒಟ್ಟಿಗೆ ಒಡೆಯುವುದಿಲ್ಲ, ಅದಕ್ಕೆ ಹೈಡ್ರೋಜನ್ ಸಯನಮೈಡ್ ಹಚ್ಚಲೇಬೇಕು: ಶೇ 50ರ ದ್ರಾವಣ, ಲೀಟರ್ ನೀರಿಗೆ 30–40 ಮಿ.ಲೀ. ಕೈಗವಸು ಬೇಕು. ಹಚ್ಚುವವರು ಅದರ ಹಿಂದುಮುಂದಿನ ಕೆಲವು ದಿನ ಮದ್ಯ ಮುಟ್ಟುವಂತಿಲ್ಲ, ಮುಟ್ಟಿದರೆ ಮುಖ ಕೆಂಪೇರಿ ಎದೆ ಬಡಿದುಕೊಳ್ಳುತ್ತದೆ. ವೈನ್ ಮಾಡುವವರಿಗೆ ಇದೊಂದು ಶಿಕ್ಷೆಯೇ ಸರಿ.

ಒಂದು ಬಳ್ಳಿಗೆ 20–24 ಗೊನೆ ಬಿಡುತ್ತೇನೆ. ಗೊನೆ 120 ಗ್ರಾಂ ತೂಗಿದರೆ ಬಳ್ಳಿಗೆ ಎರಡೂವರೆಯಿಂದ ಮೂರು ಕಿಲೋ. 9x5 ಅಡಿ ಅಂತರದಲ್ಲಿ ಎಕರೆಗೆ ಸುಮಾರು 960 ಬಳ್ಳಿ ಕೂಡುತ್ತವೆ, ಅಂದರೆ ಎರಡೂವರೆ ಟನ್ನಿನ ಆಸುಪಾಸು. ತಿನ್ನುವ ದ್ರಾಕ್ಷಿಯ ಪಾಠ ಇಲ್ಲಿ ಮರೆಯಬೇಕು. ಕಾಳು ದಪ್ಪವಾಗಲೆಂದು ಗೊನೆಯನ್ನು ಜಿಬ್ಬರೆಲಿಕ್ ದ್ರಾವಣದಲ್ಲಿ ಅದ್ದುವ ಡಿಪ್ಪಿಂಗ್ ಇಲ್ಲ. ಸಿಹಿಗೆಂದು ಕೊನೆಯಲ್ಲಿ ಪೊಟ್ಯಾಶ್ ಕೊಡುವ ಚಟವಂತೂ ಬೇಡವೇ ಬೇಡ. ಡಾಗ್‌ರಿಡ್ಜ್ ಬೇರು ಮೊದಲೇ ಪೊಟ್ಯಾಶಿಯಮ್ ಹೀರುವುದರಲ್ಲಿ ಮುಂದು. ಹಣ್ಣಿನಲ್ಲಿ ಅದು ಹೆಚ್ಚಾದಷ್ಟೂ ಟಾರ್ಟಾರಿಕ್ ಆಮ್ಲ ಉಪ್ಪಾಗಿ ತಳಕ್ಕೆ ಕೂರುತ್ತದೆ, ಪಿಎಚ್ ಮೇಲೇರುತ್ತದೆ.

ಕೊಯ್ಲಿಗೆ ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) 24, ಪಿಎಚ್ 3.6ರ ಒಳಗೆ ಇದ್ದರೆ ಭಾಗ್ಯ. ಸಾಮಾನ್ಯವಾಗಿ 3.8 ಹತ್ತಿರ ಸಿಗುತ್ತದೆ. ಯಂತ್ರದ ಅಂಕಿಗಿಂತ ಬೀಜ ಹೆಚ್ಚು ಹೇಳುತ್ತದೆ. ಕಚ್ಚಿದರೆ ಕಟುಂ ಎಂದು ಮುರಿಯಬೇಕು, ಬಣ್ಣ ಕಂದಾಗಿರಬೇಕು. ಹಸಿರಿದ್ದರೆ ಕಹಿ ವೈನಿಗೂ ಬರುತ್ತದೆ. ನಸುಕಿನಲ್ಲಿ ಶುರುಮಾಡಿ ಬಿಸಿಲೇರುವ ಮೊದಲು ಕೊಯ್ಲು ಮುಗಿಸಿ, ಆ ದಿನವೇ ತೊಟ್ಟು ಬಿಡಿಸಿ ಹಣ್ಣು ಒಡೆಯಬೇಕು.

ಇಲ್ಲಿಂದ ಒಂದು ಟನ್ ಹಣ್ಣಿನ ಲೆಕ್ಕ. ಒಡೆಯುವಾಗಲೇ 85–90 ಗ್ರಾಂ ಪೊಟ್ಯಾಶಿಯಮ್ ಮೆಟಾಬೈಸಲ್ಫೈಟ್, ಅಂದರೆ ಸುಮಾರು 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಪಾಲು) ಗಂಧಕದ ಡೈಆಕ್ಸೈಡ್; ಮುಂದೆ ಇದನ್ನೇ ‘ಗಂಧಕ’ ಎನ್ನುತ್ತೇನೆ, ವೈನ್ ಕೆಡದಂತೆ ಕಾಯುವುದು ಅದೇ. ಆಮ್ಲವನ್ನು ಸೇರಿಸುವುದೂ ಆಗಲೇ, ಹುದುಗು ಮುಗಿದ ಮೇಲಲ್ಲ. ಲೀಟರಿಗೆ ಒಂದು ಗ್ರಾಂ ಟಾರ್ಟಾರಿಕ್ ಹಾಕಿದರೆ ಪಿಎಚ್ ಸರಿಸುಮಾರು 0.1 ಇಳಿಯುತ್ತದೆ. ಪೊಟ್ಯಾಶಿಯಮ್ ಹೆಚ್ಚಿರುವ ರಸದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಅದಕ್ಕೆ ಒಂದು ಲೀಟರ್ ರಸ ತೆಗೆದು ಅದರಲ್ಲಿ ಮೊದಲು ಪರೀಕ್ಷಿಸಿ, ಬೇಕಾದಷ್ಟರ ಮುಕ್ಕಾಲು ಭಾಗ ಮಾತ್ರ ತೊಟ್ಟಿಗೆ ಹಾಕಿ, ಮರುದಿನ ಮತ್ತೆ ಅಳೆಯುತ್ತೇನೆ.

ಯೀಸ್ಟ್ 250 ಗ್ರಾಂ. ಅದರ ಹತ್ತು ಪಟ್ಟು, 38 ಡಿಗ್ರಿಯ ನೀರಿನಲ್ಲಿ 20 ನಿಮಿಷ ನೆನೆಸಿ, ರಸವನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತ ತಣಿಸಬೇಕು. ಯೀಸ್ಟ್ ನೀರು ಮತ್ತು ತೊಟ್ಟಿಯ ರಸ ಎರಡರ ಉಷ್ಣತೆಯಲ್ಲಿ ಹತ್ತು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರುವಾಗ ಸುರಿದರೆ ಅರ್ಧ ಯೀಸ್ಟ್ ಅಲ್ಲೇ ಸಾಯುತ್ತದೆ. ಉಳಿದರ್ಧ ಕೊನೆಯವರೆಗೆ ಎಳೆಯಲಾರದೆ ಸಕ್ಕರೆ ಬಿಟ್ಟು ನಿಲ್ಲುತ್ತದೆ.

ಹುದುಗು ಎದ್ದ ಮೇಲೆ ಸಿಪ್ಪೆಯೆಲ್ಲ ತೇಲಿ ದಪ್ಪ ಟೊಪ್ಪಿಗೆಯಾಗುತ್ತದೆ. ಥರ್ಮಾಮೀಟರನ್ನು ಅದರೊಳಗೇ ಇಡಬೇಕು, ಕೆಳಗಿನ ರಸಕ್ಕಿಂತ ಅಲ್ಲಿ ಐದು ಡಿಗ್ರಿ ಹೆಚ್ಚಿರುತ್ತದೆ. 28 ನನ್ನ ಗುರಿ, 32 ಅಪಾಯದ ಗಂಟೆ. ದಿನಕ್ಕೆ ಮೂರು ಸಲ ಟೊಪ್ಪಿಗೆಯನ್ನು ಒತ್ತಿ ಮುಳುಗಿಸುತ್ತೇನೆ. ಹಣ್ಣಿನ ನೊಣ ಬಾರದಂತೆ ಬಟ್ಟೆ ಬಿಗಿಯುತ್ತೇನೆ. ಒಣಗಿದ ಟೊಪ್ಪಿಗೆ ಮತ್ತು ನೊಣ ಸೇರಿದರೆ ವಿನೆಗರ್ ಆಗಲು ಹೆಚ್ಚು ಹೊತ್ತು ಬೇಡ. ಚಿಲ್ಲರ್ ಇದ್ದರೂ ಕರೆಂಟನ್ನು ನಂಬಬೇಡಿ. ನೀರು ತುಂಬಿ ಗಡ್ಡೆಗಟ್ಟಿಸಿದ ಸ್ವಚ್ಛ ಬಾಟಲಿಗಳು ಫ್ರೀಜರಿನಲ್ಲಿ ಸದಾ ಇರಲಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಯೀಸ್ಟಿಗೆ ಸಾರಜನಕ ಸಾಲುತ್ತಿಲ್ಲ. ಸಕ್ಕರೆ ಮೂರನೇ ಒಂದು ಭಾಗ ಇಳಿಯುವ ಹೊತ್ತಿಗೆ ನೂರು ಲೀಟರಿಗೆ 20 ಗ್ರಾಂ ಡಿಎಪಿ ಕೊಟ್ಟು, ರಸವನ್ನು ಗಾಳಿಯಾಡುವಂತೆ ಮೇಲಿಂದ ಸುರಿದರೆ ಹೋಗುತ್ತದೆ. ಗೊಬ್ಬರದಂಗಡಿಯ ಡಿಎಪಿ ಅಲ್ಲ, ಆಹಾರ ದರ್ಜೆಯದು.

ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.100ರಿಂದ 0.995ಕ್ಕೆ ಇಳಿಯಲು ಎಂಟು-ಹತ್ತು ದಿನ ಸಾಕು. ಹಳೇ ಬಳ್ಳಿಯ ಸಣ್ಣ ಕಾಳಿನಲ್ಲಿ ರಸಕ್ಕಿಂತ ಸಿಪ್ಪೆಯ ಪಾಲು ಹೆಚ್ಚು. ಇನ್ನೂ ನಾಲ್ಕು ದಿನ ಬಿಟ್ಟರೆ ಒಗರು ಮಿತಿ ಮೀರುತ್ತದೆ, ಹಾಗಾಗಿ ಸಕ್ಕರೆ ಮುಗಿದ ಕೂಡಲೇ ಹಿಂಡುತ್ತೇನೆ. ಟನ್ನಿಗೆ 600–650 ಲೀಟರ್ ಸಿಗುತ್ತದೆ. ತಾನಾಗಿ ಹರಿದದ್ದು ಬೇರೆ, ಹಿಂಡಿದ್ದು ಬೇರೆ.

ಮುಂದಿನದು ಮ್ಯಾಲಿಕ್ ಆಮ್ಲ ಲ್ಯಾಕ್ಟಿಕ್ ಆಗುವ ಹಂತ. 20–22 ಡಿಗ್ರಿ, ಗಂಧಕ ಸೇರಿಸದೆ ಕಾಯಬೇಕು. ಮುಗಿಯಿತೇ ಎಂಬುದನ್ನು ಆಮ್ಲಗಳನ್ನು ಬೇರೆಬೇರೆ ಕಲೆಯಾಗಿ ತೋರಿಸುವ ಕಾಗದದ ಕ್ರೊಮೆಟೊಗ್ರಫಿಯಲ್ಲಿ ನೋಡಿಯೇ ತೀರ್ಮಾನಿಸಬೇಕು. ಅರ್ಧಕ್ಕೇ ಬಾಟಲಿ ಮಾಡಿದರೆ ಒಳಗೇ ಗ್ಯಾಸ್ ಹುಟ್ಟುತ್ತದೆ. ಮುಗಿದ ದಿನವೇ ಗಂಧಕ. ಪಿಎಚ್ 3.6 ಇದ್ದರೆ ಮುಕ್ತ ಗಂಧಕ (ವೈನಿನ ಅಂಶಗಳಿಗೆ ಬಂಧಿತವಾಗದೆ ಉಳಿದದ್ದು) 50 ಪಿಪಿಎಂ ಸಾಕು, 3.8 ಇದ್ದರೆ 80 ಹತ್ತಿರ ಬೇಕಾಗುತ್ತದೆ. ತೊಟ್ಟಿಯ ಹಂತದಲ್ಲಿ ಹುಳಿಗಾಗಿ ಇಷ್ಟೊಂದು ಗುದ್ದಾಡಿದ್ದು ಇದಕ್ಕಾಗಿಯೇ. ಕಡಿಮೆ ಹಾಕಿದರೆ ಬ್ರೆಟ್ ಎಂಬ ಯೀಸ್ಟ್ ಸೇರಿ ಕುದುರೆ ಲಾಯದ ವಾಸನೆ ಹಿಡಿಸುತ್ತದೆ. 225 ಲೀಟರ್ ಪೀಪಾಯಿಗೆ 20 ಗ್ರಾಂ ಮೆಟಾಬೈಸಲ್ಫೈಟ್ ಹಾಕಿ, ವಾರ ಬಿಟ್ಟು ಅಳೆದು, ಬಂಧಿತವಾದಷ್ಟನ್ನು ಮತ್ತೆ ತುಂಬುತ್ತೇನೆ.

ಪೀಪಾಯಿ ಹಳೇದೇ ಇರಲಿ. ಹೊಸ ಓಕ್‌ನ ವೆನಿಲಾ ವಾಸನೆಯ ಅಡಿಯಲ್ಲಿ ಹಳೇ ಬಳ್ಳಿಯ ಹಣ್ಣು ಹೂತುಹೋಗುತ್ತದೆ. ಏಪ್ರಿಲ್-ಮೇನ ಒಣ ಗಾಳಿಯಲ್ಲಿ ಕಟ್ಟಿಗೆಯ ಮೂಲಕ ವೈನ್ ಆವಿಯಾಗುತ್ತಲೇ ಇರುತ್ತದೆ. ನೆಲಕ್ಕೆ ಒದ್ದೆ ಗೋಣಿತಾಟು ಹಾಸಿ, ಕೋಣೆಯನ್ನು 18 ಡಿಗ್ರಿಯಲ್ಲಿಟ್ಟು, ವಾರಕ್ಕೊಮ್ಮೆ ಅದೇ ವೈನಿನಿಂದ ಕಂಠದವರೆಗೆ ತುಂಬುತ್ತೇನೆ. ತುಂಬಲು ಬೇಕಾದ್ದನ್ನು ಸಣ್ಣ ಗಾಜಿನ ಜಾಡಿಗಳಲ್ಲಿ ತುದಿವರೆಗೆ ತುಂಬಿ ಇಡಬೇಕು. ಅರ್ಧ ಖಾಲಿ ಜಾಡಿಯ ವೈನನ್ನು ಪೀಪಾಯಿಗೆ ಸುರಿಯಬಾರದು, ಅದು ಆಗಲೇ ಗಾಳಿ ಹಿಡಿದಿರುತ್ತದೆ.

ಹನ್ನೆರಡು ತಿಂಗಳಾದ ಮೇಲೆ, ಮುಂದಿನ ಬೇಸಿಗೆ ಏರುವ ಮೊದಲು ಬಾಟಲಿ. ಇದೆಲ್ಲ ಅಬಕಾರಿ ಲೈಸೆನ್ಸ್ ಇರುವ ಜಾಗದಲ್ಲಿ ಆಗಬೇಕಾದ ಕೆಲಸ ಎಂಬುದನ್ನು ಬೇರೆ ಹೇಳಬೇಕಿಲ್ಲ. ಕೊಂಡವರಿಗೆ ನಾನು ಹೇಳುವುದಿಷ್ಟೇ: ಮೇ ತಿಂಗಳಲ್ಲಿ ಅಡುಗೆಮನೆಯ ಕಪಾಟಿನಲ್ಲಿಟ್ಟರೆ ಬಿರಡೆ ಉಬ್ಬಿ ವೈನ್ ಜಿನುಗುತ್ತದೆ, ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟು ಕುಡಿಯುವ ಅರ್ಧ ಗಂಟೆ ಮೊದಲು ಹೊರತೆಗೆಯಿರಿ.