ಕಾಟ್ಲಾನಾ, ರೋಹುನಾ, ಬೆರಕೆನಾ? ಹೊಂಡದ ಮೀನು ಗುರುತಿಸುವುದು ಹೀಗೆ

ಅಡಿಕೆ ತೋಟದ ಪಕ್ಕದ ಕೃಷಿ ಹೊಂಡಕ್ಕೆ ಮೀನುಮರಿ ಬಿಡುವವರು ಶಿವಮೊಗ್ಗದ ಕಡೆ ಬಹಳ ಜನ. ಬಿಡುವುದು ಸಾಮಾನ್ಯವಾಗಿ ಕಾಟ್ಲಾ, ರೋಹು, ಮೃಗಾಲ್. ಬೇಸಿಗೆಯಲ್ಲಿ ಬಲೆ ಎಳೆದಾಗ ಕೆಲವು ಮೀನು ಯಾವ ಜಾತಿಗೂ ಸರಿಯಾಗಿ ಹೊಂದುವುದಿಲ್ಲ. ಅವು ಬೆರಕೆ ಇರಬಹುದು.

ಬಣ್ಣ ನೋಡಿ ತೀರ್ಮಾನಿಸಬೇಡಿ. ಕೆಂಪು ಮಣ್ಣು ಕದಡಿದ ನೀರಿನಲ್ಲಿ ಎಲ್ಲ ಮೀನೂ ಬಿಳಿಚಿಕೊಂಡಿರುತ್ತವೆ. ತೀರಾ ಸಣ್ಣ ಮರಿಗಳೂ ಬೇಡ, ಗೇಣುದ್ದ ಬೆಳೆದಿರಲಿ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಹಿಡಿದು, ಹೊಂಡದ್ದೇ ನೀರಿರುವ ಬಕೆಟ್ಟಿಗೆ ಹಾಕಿ. ಕೈ ಒದ್ದೆ ಮಾಡಿಕೊಂಡು ಮುಟ್ಟಿ. ಒಣಗೈಗೆ ಮೈಮೇಲಿನ ಲೋಳೆ ಕಿತ್ತು ಬಂದರೆ ಮೀನಿಗೆ ರೋಗ ಹತ್ತುತ್ತದೆ.

ಮೊದಲು ಬಾಯಿ ನೋಡಿ. ಹೊಟ್ಟೆಪಾಡು ಬಾಯಿಯ ಮೇಲೇ ಬರೆದಿರುತ್ತದೆ. ಕಾಟ್ಲಾ ನೀರಿನ ಮೇಲ್ಪದರದಲ್ಲಿ ತಿನ್ನುವ ಮೀನು. ಅದರ ಬಾಯಿ ಅಗಲ, ಮೇಲ್ಮುಖ. ತಲೆ ದೊಡ್ಡದು, ಮೀಸೆ ಇಲ್ಲ. ರೋಹು ನಡುನೀರಿನದು. ತಲೆ ಚಿಕ್ಕದು, ಬಾಯಿ ಸ್ವಲ್ಪ ಕೆಳಕ್ಕೆ. ತುಟಿಯಂಚು ಬಟ್ಟೆಯ ಜಾಲರಿಯಂತೆ ಸುಕ್ಕುಸುಕ್ಕು. ತಳದಲ್ಲಿ ಮೇಯುವ ಮೃಗಾಲ್‌ಗೆ ಮೈ ಉದ್ದ, ತುಟಿ ತೆಳು, ಜಾಲರಿ ಇಲ್ಲ. ಬೆನ್ನಿನ ಈಜುರೆಕ್ಕೆ ಉದ್ದಕ್ಕಿದ್ದು ಎರಡು ಜೊತೆ ಮೀಸೆ ಇದ್ದರೆ ಅದು ಸಾಮಾನ್ಯ ಗೆಂಡೆ. ಬೆನ್ನಿನ ಮುಳ್ಳು ಕೈಗೆ ಚುಚ್ಚಿತು, ಮೈ ಚಪ್ಪಟೆ ಎಂದರೆ ಜಿಲೇಬಿ, ಅಂದರೆ ತಿಲಾಪಿಯಾ ಮೀನು.

ಈಗ ಬೆರಕೆಯ ವಿಷಯ. ಜಾಸ್ತಿ ಸಿಗುವುದು ಕಾಟ್ಲಾ–ರೋಹು ಬೆರಕೆ. ತಲೆ ರೋಹುವಿಗಿಂತ ದೊಡ್ಡದು, ಕಾಟ್ಲಾಕ್ಕಿಂತ ಚಿಕ್ಕದು. ಬಾಯಿ ಮೇಲಕ್ಕೂ ಅಲ್ಲ, ಕೆಳಕ್ಕೂ ಅಲ್ಲ, ಹೆಚ್ಚುಕಡಿಮೆ ನೇರ. ತುಟಿಯಲ್ಲಿ ಜಾಲರಿ ಇದ್ದೂ ಇಲ್ಲದ ಹಾಗೆ. ಬೆನ್ನಿನ ರೆಕ್ಕೆ ಬಿಡಿಸಿ, ತುದಿ ಕವಲೊಡೆದ ಕಡ್ಡಿಗಳನ್ನು ಎಣಿಸಿ. ರೋಹುವಿಗೆ 12ರಿಂದ 14, ಕಾಟ್ಲಾಕ್ಕೆ 14ರಿಂದ 16. 14 ಬಂದರೆ ಎಣಿಕೆಯೊಂದರಿಂದ ಏನೂ ಹೇಳಲಾಗದು, ತಲೆ, ಬಾಯಿ, ತುಟಿ ಮೂರನ್ನೂ ಸೇರಿಸಿ ನೋಡಬೇಕು. ಸಾರಿಗೆ ಕೊಯ್ದಾಗ ಕಿವಿರನ್ನೂ ಬಿಡಿಸಿ ನೋಡಿ. ಕಾಟ್ಲಾದ ಕಿವಿರೊಳಗಿನ ಸೋಸುವ ಕಡ್ಡಿಗಳು ಉದ್ದ, ನವಿರು, ಒತ್ತೊತ್ತು. ರೋಹುವಿನವು ಗಿಡ್ಡ. ಬೆರಕೆಯಲ್ಲಿ ನಡುವಿನ ಅಳತೆ.

ಇವು ನಮ್ಮ ಹೊಂಡದಲ್ಲೇ ಬೆರೆತವಲ್ಲ. ಮೊದಲ ಮಳೆಗೆ ಹತ್ತುಮೀನು ಹೊಸನೀರಿಗೆ ಏರುವುದನ್ನು ಮಲೆನಾಡಿನವರು ಕಂಡೇ ಇರುತ್ತೇವೆ, ಅಲ್ವಾ? ಕಾಟ್ಲಾ, ರೋಹು, ಮೃಗಾಲ್‌ಗೂ ಮೊಟ್ಟೆಯಿಡಲು ಹೊಳೆಯ ಹರಿವು ಬೇಕು. ನಿಂತ ನೀರಿನಲ್ಲಿ ಅವು ಮರಿ ಮಾಡುವುದಿಲ್ಲ. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತವರ ಜೊತೆಗಾರರು ಈ ಬಗೆಯ ಮೀನುಗಳಿಗೆ ಹಾರ್ಮೋನ್ ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸುವುದನ್ನು ಸಾಧಿಸಿದರು. ಮೀನುಮರಿ ಕೇಂದ್ರಗಳು ನಡೆಯುತ್ತಿರುವುದೇ ಅದರಿಂದ. ಅಲ್ಲಿ ಒಂದೇ ತೊಟ್ಟಿಯಲ್ಲಿ ಬೇರೆ ಬೇರೆ ಜಾತಿ ಒಟ್ಟಿಗೆ ಮೊಟ್ಟೆಯಿಟ್ಟರೆ ಬೆರಕೆ ಹುಟ್ಟುತ್ತದೆ. ಹಾಗಾಗಿ ಮರಿ ಕೊಳ್ಳುವಾಗಲೇ ತಾಯಿಮೀನುಗಳನ್ನು ಜಾತಿವಾರು ಬೇರೆ ಇಟ್ಟಿದ್ದಾರಾ ಅಂತ ಕೇಳಿ.

ತಿನ್ನಲು, ಮಾರಲು ಬೆರಕೆಗೆ ಏನೂ ತೊಂದರೆಯಿಲ್ಲ. ಆದರೆ ಕಾಟ್ಲಾ–ರೋಹು ಬೆರಕೆ ಬಂಜೆಯಲ್ಲ, ಅದಕ್ಕೂ ಮರಿಯಾಗುತ್ತದೆ. ತಾಯಿಮೀನಾಗಿ ಯಾರಿಗೂ ಕೊಡಬೇಡಿ. ಹೊಂಡ ಬತ್ತಿತೆಂದು ತುಂಗೆಗೋ ಭದ್ರೆಗೋ ಸುಮ್ನೆ ಬಿಡಲೂಬೇಡಿ. ಅನುಮಾನವಿದ್ದರೆ ಪಕ್ಕದಿಂದೊಂದು, ಬಾಯಿಯ ಎದುರಿಂದೊಂದು ಫೋಟೊ ತೆಗೆದು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ. ಪಕ್ಕಾ ಗೊತ್ತಾಗಲೇಬೇಕು ಎಂದರೆ ಡಿಎನ್‌ಎ ಪರೀಕ್ಷೆಯೇ ಆಗಬೇಕು.