ಕಾಲುಬಾಯಿ ರೋಗ: ಮೊದಲು ಕಟ್ಟಬೇಕಾದದ್ದು ನಮ್ಮ ಓಡಾಟವನ್ನು

ಹಾಲಿನ ಅಳತೆ ಏಕಾಏಕಿ ಇಳಿದಿದೆ. ಹಸು ಮೇವಿಗೆ ಮೂತಿ ಒಡ್ಡುತ್ತದೆ, ತಿನ್ನುವುದಿಲ್ಲ. ಬಾಯಿಂದ ಎಳೆ ಎಳೆಯಾಗಿ ಜೊಲ್ಲು ಇಳಿಯುತ್ತದೆ, ನಿಂತಲ್ಲೇ ಕಾಲು ಎತ್ತಿ ಎತ್ತಿ ಇಡುತ್ತದೆ. ಇಷ್ಟು ಕಂಡರೆ ಕಾಲುಬಾಯಿ ರೋಗವೆಂದೇ ಎಣಿಸಿ ಕೆಲಸ ಆರಂಭಿಸಬೇಕು. ಪ್ರಯೋಗಾಲಯದ ವರದಿ ಬರಲಿ ಎಂದು ಕೈಕಟ್ಟಿ ಕೂರುವ ರೋಗ ಇದಲ್ಲ.

ನಾಲಿಗೆ, ವಸಡು, ಗೊರಸಿನ ಸಂದು, ಮೊಲೆತೊಟ್ಟುಗಳನ್ನು ನೋಡಿ. ಗುಳ್ಳೆ ಎದ್ದಿರುತ್ತದೆ, ಇಲ್ಲವೇ ಒಡೆದು ಹುಣ್ಣಾಗಿರುತ್ತದೆ. ಕುರಿ, ಮೇಕೆಗಳಲ್ಲಿ ಬಾಯಿಯ ಹುಣ್ಣು ಕಣ್ಣಿಗೆ ಬೀಳುವುದೇ ಕಷ್ಟ, ಸ್ವಲ್ಪ ಕುಂಟುತ್ತವೆ ಅಷ್ಟೆ. ಎಳೆಗರುಗಳ ಹೃದಯದ ಸ್ನಾಯುವಿಗೇ ವೈರಾಣು ತಗಲುವುದರಿಂದ ಅವು ಗುಳ್ಳೆಯನ್ನೇ ತೋರದೆ ಸಾಯಬಹುದು. ಸೋಂಕು ತಗಲಿ ಲಕ್ಷಣ ಕಾಣಲು 2ರಿಂದ 14 ದಿನ ಬೇಕು. ಆದರೆ ಗುಳ್ಳೆ ಏಳುವ ಮೊದಲೇ ಹಾಲಿನಲ್ಲೂ ಉಸಿರಿನಲ್ಲೂ ವೈರಾಣು ಇರುತ್ತದೆ. ಹಾಗಾಗಿ ಪಕ್ಕದ ಗೂಟದ ಹಸು ಚೆನ್ನಾಗಿ ಮೇಯುತ್ತಿದೆ ಎಂದು ನಂಬಿ ಅದನ್ನು ಬೇರೆ ಕೊಟ್ಟಿಗೆಗೆ ಸಾಗಿಸಬೇಡಿ.

ಬಾಗಿಲು ಮುಚ್ಚಿ, ಸುದ್ದಿ ಮುಟ್ಟಿಸಿ

ರಾಸುಗಳನ್ನು ಮಾರುವುದು, ಕೊಳ್ಳುವುದು, ಮೇಯಲು ಬಿಡುವುದು, ಹೋರಿಗೆ ಕೊಡುವುದು ಎಲ್ಲವೂ ಆ ಗಳಿಗೆಯಿಂದಲೇ ನಿಲ್ಲಬೇಕು. ಪಶುವೈದ್ಯರಿಗೆ ತಕ್ಷಣ ತಿಳಿಸಬೇಕು. ಹಲವು ದೇಶಗಳಲ್ಲಿ ಇದು ಕಾನೂನಿನ ಕಟ್ಟಳೆ.

ಓಡಾಟಕ್ಕೆ ಇಷ್ಟೊಂದು ಒತ್ತು ಕೊಡಲು ಬ್ರಿಟನ್ನಿನ ಉದಾಹರಣೆ ಸಾಕು. 2001ರ ಫೆಬ್ರುವರಿಯಲ್ಲಿ ಅಲ್ಲಿ ರೋಗ ಪತ್ತೆಯಾಗುವ ಹೊತ್ತಿಗೆ ಸೋಂಕಿತ ಕುರಿಗಳು ಸಂತೆಗಳನ್ನು ಹಾದು ದೇಶದ ಹಲವೆಡೆ ತಲುಪಿಬಿಟ್ಟಿದ್ದವು. ಕೊನೆಗೆ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಅವುಗಳಲ್ಲಿ ಎಷ್ಟೋ ಪ್ರಾಣಿಗಳಿಗೆ ರೋಗವೇ ಇರಲಿಲ್ಲ. ಸಾಗಾಟ ನಿಷೇಧದಿಂದ ಇದ್ದಲ್ಲೇ ಸಿಕ್ಕಿಬಿದ್ದು, ಮೇವು, ಜಾಗ ಸಾಲದ ಸ್ಥಿತಿಗೆ ಬಂದಿದ್ದವು. ನಿಷೇಧದ ಆದೇಶ ಬರೆಯುವ ಅಧಿಕಾರಿ ಅದೇ ಹಾಳೆಯಲ್ಲಿ ಮೇವಿನ ವ್ಯವಸ್ಥೆಯನ್ನೂ ಬರೆಯಬೇಕು. ಪರಿಹಾರದ ವಿಷಯವೂ ಹೀಗೆಯೇ. ಸುದ್ದಿ ಕೊಟ್ಟವನಿಗೆ ನಷ್ಟ, ಬಚ್ಚಿಟ್ಟವನಿಗೆ ಲಾಭ ಎಂಬಂತಿದ್ದರೆ ಜನ ಬಚ್ಚಿಡುತ್ತಾರೆ. ಅದಕ್ಕೆ ರೈತರನ್ನು ಬೈದು ಪ್ರಯೋಜನವಿಲ್ಲ.

ಕೈ, ಕಾಲು, ಬಕೆಟ್

ಈ ವೈರಾಣುವನ್ನು ರಾಸುಗಳಷ್ಟೇ ಅಲ್ಲ, ನಾವೂ ಹೊತ್ತು ತಿರುಗುತ್ತೇವೆ. ಮನುಷ್ಯರಿಗೆ ರೋಗ ತಗಲುವುದು ತೀರಾ ಅಪರೂಪ, ಆದರೆ ಚಪ್ಪಲಿ, ಬಟ್ಟೆ, ಹಗ್ಗ, ಹಾಲಿನ ಕ್ಯಾನು, ವಾಹನದ ಚಕ್ರ ಯಾವುದರ ಮೇಲಾದರೂ ಅದು ಸವಾರಿ ಮಾಡುತ್ತದೆ. ಆದ್ದರಿಂದ ಕೆಲಸದ ಸರದಿ ಮುಖ್ಯ. ಮೊದಲು ಕರುಗಳು, ಆಮೇಲೆ ಆರೋಗ್ಯವಾಗಿರುವ ಹಸುಗಳು, ಕೊನೆಯಲ್ಲಿ ರೋಗದವು. ಸಾಧ್ಯವಿದ್ದರೆ ರೋಗದ ರಾಸುಗಳಿಗೆ ಬೇರೆಯೇ ಆಳು, ಬೇರೆಯೇ ಬಕೆಟ್ ಇರಲಿ.

ಸೋಂಕುನಿವಾರಕಕ್ಕೆ ಬಟ್ಟೆ ಒಗೆಯುವ ಸೋಡಾ ಸಾಕಾಗುತ್ತದೆ. ಅಂದರೆ ಸೋಡಿಯಂ ಕಾರ್ಬೊನೇಟ್. ಅಡುಗೆ ಸೋಡಾ ಅಲ್ಲ. 10 ಲೀಟರ್ ನೀರಿಗೆ 400 ಗ್ರಾಂ ಕರಗಿಸಿದರೆ ಶೇ 4ರ ದ್ರಾವಣವಾಗುತ್ತದೆ. ಈ ವೈರಾಣು ಹೆಚ್ಚು ಕ್ಷಾರವನ್ನೂ ತಾಳದು, ಹೆಚ್ಚು ಆಮ್ಲವನ್ನೂ ತಾಳದು. ಹಾಗೆಂದು ಬಲ ಹೆಚ್ಚಲಿ ಎಂಬ ಆಸೆಯಿಂದ ಸೋಡಾಕ್ಕೆ ವಿನೆಗರ್ ಬೆರೆಸಬೇಡಿ, ಎರಡರ ಗುಣವೂ ಹೋಗುತ್ತದೆ. ಸಗಣಿ ಮೆತ್ತಿದ ನೆಲದ ಮೇಲೆ ಸುರಿದರೂ ವ್ಯರ್ಥವೇ. ಮೊದಲು ಕೆರೆದು, ಉಜ್ಜಿ ತೊಳೆಯಬೇಕು, ಆಮೇಲೆ ದ್ರಾವಣ. ಬಾಗಿಲಲ್ಲಿ ಕಾಲು ಅದ್ದಲು ಇಟ್ಟ ತೊಟ್ಟಿಯ ನೀರು ರಾಡಿಯಾದ ಕೂಡಲೇ ಬದಲಾಯಿಸಿ. ಮಾಸಿದ ತೊಟ್ಟಿ ಬರೀ ತೋರಿಕೆಗೆ.

ರೋಗದ ಹಸುವಿನ ಆರೈಕೆ

ಬೇರೆ ಕಟ್ಟುವುದೆಂದರೆ ಮೂಲೆಗೆ ತಳ್ಳಿ ಮರೆಯುವುದಲ್ಲ. ವೈರಾಣುವನ್ನು ಕೊಲ್ಲುವ ಔಷಧವಿಲ್ಲ, ಆದರೆ ಈ ರೋಗದಲ್ಲಿ ದೊಡ್ಡ ರಾಸುಗಳು ಸಾಯುವುದು ಕಡಿಮೆ. ಅವುಗಳನ್ನು ಹಣ್ಣು ಮಾಡುವುದು ನೋವು, ಹಸಿವು ಮತ್ತು ಹುಣ್ಣಿಗೆ ತಗಲುವ ಬೇರೆ ಸೋಂಕು. ನೋವು ತಗ್ಗಿಸುವ ಔಷಧವನ್ನು ವೈದ್ಯರಲ್ಲಿ ಕೇಳಿಯೇ ಪಡೆಯಿರಿ. ಎಷ್ಟೋ ಕಡೆ ಇದನ್ನು ಯಾರೂ ಕೇಳುವುದೇ ಇಲ್ಲ. ಒಣ ನೆಲ, ನೆರಳು, ಮೂತಿಗೆ ಎಟುಕುವಷ್ಟು ಹತ್ತಿರದಲ್ಲಿ ನೀರು ಬೇಕು. ಒರಟು ಮೇವಿನ ಬದಲು ಮೆತ್ತನೆಯ ಹಸಿ ಹುಲ್ಲು, ನೆನೆಸಿದ ಹಿಂಡಿ ಕೊಡಿ. ತಿನ್ನದ ಹಸುವಿನ ಬಾಯಿಗೆ ಗೊಟ್ಟದಲ್ಲಿ ಗಂಜಿ ಸುರಿಯುವ ಆತುರ ಬೇಡ, ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಗೊರಸಿನ ಸಂದನ್ನು ದಿನವೂ ತೊಳೆದು ನೋಡಿ, ನೊಣ ಕೂತರೆ ಹುಳು ಬೀಳುತ್ತದೆ. ಮೊಲೆತೊಟ್ಟಿನ ಹುಣ್ಣು ಕೆಚ್ಚಲು ಬಾವಿಗೆ ದಾರಿಯಾಗುವುದರಿಂದ ಹಾಲನ್ನು ಮೃದುವಾಗಿ, ಆದರೆ ಪೂರ್ತಿ ಹಿಂಡಿ ತೆಗೆಯಬೇಕು. ಆ ಹಾಲನ್ನು ಕುದಿಸದೆ ಕರುವಿಗೆ ಕುಡಿಸಬೇಡಿ, ಕರುವನ್ನು ಮೊಲೆಗೂ ಬಿಡಬೇಡಿ.

ಸತ್ತ ಕರುವನ್ನು ಹಳ್ಳಕ್ಕೋ ಬಯಲಿಗೋ ಎಸೆಯುವಂತಿಲ್ಲ. ನೀರಿನ ಸೆಲೆಯಿಂದ ದೂರ, ನಾಯಿ ಕೆದಕದಷ್ಟು ಆಳದಲ್ಲಿ ಹೂಳಬೇಕು.

ಲಸಿಕೆ

ವೈರಾಣುವಿನಲ್ಲಿ ಏಳು ಬಗೆಗಳಿವೆ, ಒಂದರ ಲಸಿಕೆ ಇನ್ನೊಂದನ್ನು ತಡೆಯದು. ಸಾಮಾನ್ಯ ಲಸಿಕೆಯ ಬಲ ಸುಮಾರು ಆರು ತಿಂಗಳಿಗೆ ಕುಗ್ಗುವುದರಿಂದ ವರ್ಷಕ್ಕೆ ಎರಡು ಸಲ ಹಾಕಿಸುತ್ತಾರೆ. ಮೊದಲ ಬಾರಿ ಪಡೆಯುವ ಕರುವಿಗೆ ಮೂರು–ನಾಲ್ಕು ವಾರಗಳ ನಂತರ ಇನ್ನೊಂದು ಡೋಸು ಬೇಕು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಐಸ್ ಕರಗಿದ ಪೆಟ್ಟಿಗೆಯಲ್ಲಿ ಬಂದ ಬಾಟಲಿಯನ್ನು ಬೇಡವೆನ್ನುವ ಹಕ್ಕು ನಿಮಗಿದೆ.

ರೋಗ ಕಾಣಿಸಿಕೊಂಡ ಮೇಲೆ ಸುತ್ತಮುತ್ತ ಲಸಿಕೆ ಹಾಕುವಾಗ ತಂಡ ಹೊರವಲಯದಿಂದ ಒಳಕ್ಕೆ ಬರಬೇಕು. ರೋಗದ ಕೊಟ್ಟಿಗೆಯಿಂದ ಹೊರಟು ಹೊರಕ್ಕೆ ಸಾಗಿದರೆ ಲಸಿಕೆಯ ಜೊತೆ ರೋಗವೂ ಮನೆಮನೆಗೆ ತಲುಪುತ್ತದೆ. ಒಂದು ರಾಸಿಗೆ ಬಳಸಿದ ಸೂಜಿ ಇನ್ನೊಂದಕ್ಕೆ ತಾಗಕೂಡದು. ಲಸಿಕೆಯ ರಕ್ಷಣೆ ಕೂಡಿಬರಲು ಒಂದೆರಡು ವಾರ ಹಿಡಿಯುವುದರಿಂದ ಅಲ್ಲಿಯವರೆಗೆ ಕೊಟ್ಟಿಗೆಯ ಬಾಗಿಲು ಮುಚ್ಚಿಯೇ ಇರಲಿ.