ಗನ್ನು ಹಳೆಯದಾದರೂ ತೋಟಾ ಹಳೆಯದಲ್ಲ: ಅಮೆರಿಕದಲ್ಲಿ ಆಂಟಿಕ್ ಪಾಕೆಟ್ ರಿವಾಲ್ವರ್ ಕೊಳ್ಳುವ ಕನ್ನಡಿಗರಿಗೆ

ಅಮೆರಿಕದ ಆಂಟಿಕ್ ಅಂಗಡಿಗಳಲ್ಲಿ, ಎಸ್ಟೇಟ್ ಸೇಲ್‌ಗಳಲ್ಲಿ ಅಂಗೈಯಲ್ಲಿ ಹಿಡಿಸುವಂಥ ನಿಕಲ್ ಲೇಪದ ರಿವಾಲ್ವರ್‌ಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಸ್ಮಿತ್ ಅಂಡ್ ವೆಸನ್, ಐವರ್ ಜಾನ್ಸನ್, ಹ್ಯಾರಿಂಗ್ಟನ್ ಅಂಡ್ ರಿಚರ್ಡ್‌ಸನ್, ಹಾಪ್ಕಿನ್ಸ್ ಅಂಡ್ ಅಲೆನ್ ಮುಂತಾದ ಕಂಪನಿಗಳು 19ನೇ ಶತಮಾನದ ಕೊನೆಯಲ್ಲಿ ಇವನ್ನು ರಾಶಿ ರಾಶಿ ತಯಾರಿಸಿದ್ದವು. ‘ಇದಕ್ಕೆ ಯಾವ ಪೇಪರ್ರೂ ಬೇಡ’ ಎಂದು ಮಾರುವವರು ಹೇಳುತ್ತಾರೆ. ಗನ್ನಿನ ಮಟ್ಟಿಗೆ ಆ ಮಾತು ಬಹುಪಾಲು ನಿಜ. ಅದರ ತೋಟಾಗಳಿಗೆ ಮಾತ್ರ ಅದು ಸಲ್ಲದು. ಎಚ್-1ಬಿ, ಎಲ್-1, ಎಫ್-1, ಎಚ್-4 ವೀಸಾದಲ್ಲಿರುವವರು ಎಡವುವುದು ಇಲ್ಲೇ.

1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದದ್ದು ‘ಆಂಟಿಕ್’. ಫೆಡರಲ್ ಕಾನೂನಿನ ಕಣ್ಣಲ್ಲಿ ಅದು ‘ಫೈರ್‌ಆರ್ಮ್’ ಅಲ್ಲ. ಹಾಗಾಗಿ ಲೈಸೆನ್ಸ್ ಇರುವ ಡೀಲರ್ ಮೂಲಕವೇ ಕೊಳ್ಳಬೇಕೆಂಬ ನಿಯಮವಿಲ್ಲ, ಗನ್ ಕೊಳ್ಳುವಾಗ ಡೀಲರ್ ತುಂಬಿಸಿಕೊಳ್ಳುವ 4473 ಫಾರ್ಮ್ ತುಂಬಬೇಕಿಲ್ಲ. ಲೆಕ್ಕಕ್ಕೆ ಬರುವುದು ಫ್ರೇಮ್, ಅಂದರೆ ಗನ್ನಿನ ಮೂಲ ಚೌಕಟ್ಟು, ತಯಾರಾದ ಕಾಲ. ಇದರಲ್ಲಿ ಎಲ್ಲರೂ ಮೋಸಹೋಗುವುದು ನಳಿಕೆಯ ಮೇಲೆ ಕೆತ್ತಿದ ತಾರೀಕಿನಿಂದ. ‘1887’ ಎಂದಿದ್ದರೆ ಆ ವರ್ಷ ಪೇಟೆಂಟ್ ಸಿಕ್ಕಿತು ಎಂದಷ್ಟೇ ಅರ್ಥ. ಅದೇ ಗುರುತು ಹೊತ್ತ ಗನ್ನು 1915ರಲ್ಲೂ ತಯಾರಾಗಿರಬಹುದು. ಸ್ಮಿತ್ ಅಂಡ್ ವೆಸನ್ನಿನ ಸೇಫ್ಟಿ ಹ್ಯಾಮರ್‌ಲೆಸ್ 1887ರಲ್ಲಿ ಶುರುವಾಗಿ ಹತ್ತಿರ ಹತ್ತಿರ 50 ವರ್ಷ ಮಾರಾಟವಾಯಿತು. ಆದ್ದರಿಂದ ಹಿಡಿಯ ತಳದಲ್ಲಿರುವ ಸೀರಿಯಲ್ ನಂಬರನ್ನು ಆಯಾ ಮಾಡೆಲ್ಲಿನ ಪಟ್ಟಿಯ ಜೊತೆ ತಾಳೆ ನೋಡಲೇಬೇಕು. ಸ್ಮಿತ್ ಅಂಡ್ ವೆಸನ್ ಆದರೆ ಹಿಸ್ಟಾರಿಕಲ್ ಫೌಂಡೇಶನ್ನಿನಿಂದ ದುಡ್ಡು ಕೊಟ್ಟು ಫ್ಯಾಕ್ಟರಿ ಲೆಟರ್ ತರಿಸಬಹುದು. ಅದರಲ್ಲಿ ಬರುವುದು ಕಾರ್ಖಾನೆಯಿಂದ ಹೊರಟ ದಿನ, ತಯಾರಾದ ದಿನವಲ್ಲ. ಐವರ್ ಜಾನ್ಸನ್ನಿನಲ್ಲಿ ಒಳಗಿನ ಸ್ಪ್ರಿಂಗ್ ನೋಡಿ: ಸುರುಳಿ ಸ್ಪ್ರಿಂಗ್ ಇದ್ದರೆ 1909ರ ನಂತರದ್ದು, ಆಂಟಿಕ್ ಅಲ್ಲವೇ ಅಲ್ಲ. ಚಪ್ಪಟೆ ಸ್ಪ್ರಿಂಗ್ ಇದ್ದ ಮಾತ್ರಕ್ಕೆ 1898ರ ಒಳಗಿನದು ಎಂದು ಸಾಬೀತಾಗುವುದಿಲ್ಲ.

ಇನ್ನು ತೋಟಾ. ನಾನ್-ಇಮಿಗ್ರೆಂಟ್, ಅಂದರೆ ತಾತ್ಕಾಲಿಕ, ವೀಸಾದಲ್ಲಿ ಬಂದವರು ಫೈರ್‌ಆರ್ಮ್ ಆಗಲಿ ಅಮ್ಯುನಿಷನ್ ಆಗಲಿ ಇಟ್ಟುಕೊಳ್ಳುವಂತಿಲ್ಲ ಎಂದು ಫೆಡರಲ್ ಕಾನೂನಿನ 922(ಜಿ)(5) ಸೆಕ್ಷನ್ ಹೇಳುತ್ತದೆ. ಆಂಟಿಕ್ ಎಂಬ ವಿನಾಯಿತಿ ಗನ್ನನ್ನು ಆ ಪಟ್ಟಿಯಿಂದ ಹೊರಗಿಡುತ್ತದೆ. ಆದರೆ ನಿಮ್ಮ 1890ರ ರಿವಾಲ್ವರಿಗೆ ಹೊಂದುವ .32 ಸ್ಮಿತ್ ಅಂಡ್ ವೆಸನ್ ತೋಟಾ 1920ರ ರಿವಾಲ್ವರಿಗೂ ಹೊಂದುತ್ತದೆ, ಆ 1920ರದ್ದು ಫೈರ್‌ಆರ್ಮ್. ಹಾಗಾಗಿ ಆ ತೋಟಾ ಪೂರ್ತಿಯಾಗಿ ಅಮ್ಯುನಿಷನ್ನೇ. ಕಾನೂನಿನ ವ್ಯಾಖ್ಯೆ ಅಲ್ಲಿಗೆ ನಿಲ್ಲುವುದಿಲ್ಲ: ಬಿಡಿ ಗುಂಡು, ಪ್ರೈಮರ್, ಮದ್ದು, ಖಾಲಿ ಹಿತ್ತಾಳೆ ಕೊಳವೆ ಸಹ ಅದರೊಳಗೆ ಬರುತ್ತವೆ. ಶೋಕೇಸಿನಲ್ಲಿ ಗನ್ನಿನ ಪಕ್ಕ ಚೆಂದಕ್ಕೆಂದು ಇಟ್ಟ ಐದು ಖಾಲಿ ಕೊಳವೆಗಳೂ ತೊಂದರೆ ತರಬಲ್ಲವು. ಶಿಕ್ಷೆ 15 ವರ್ಷದವರೆಗೆ ಇದೆ. ಅದಕ್ಕಿಂತ ದೊಡ್ಡ ಪೆಟ್ಟು, ಶಿಕ್ಷೆಯಾದ ಮೇಲೆ ಈ ದೇಶದಲ್ಲಿ ಉಳಿಯುವುದೇ ಕಷ್ಟ. ಖಾಸಗಿಯಾಗಿ ಮಾರುವವರು ನಿಮ್ಮ ವೀಸಾ ಕೇಳದೆ ಕೊಟ್ಟುಬಿಡಬಹುದು, ಅದರಿಂದ ನಿಮ್ಮ ಹೊಣೆ ಕಡಿಮೆಯಾಗುವುದಿಲ್ಲ.

ಇದಕ್ಕೊಂದು ದಾರಿ ಕಾನೂನಿನಲ್ಲೇ ಇದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಹಂಟಿಂಗ್ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಈ ನಿಷೇಧ ಅನ್ವಯಿಸದು. ಸಾಮಾನ್ಯವಾಗಿ ಮೊದಲು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಬೇಕು, ಆಮೇಲೆ ಲೈಸೆನ್ಸ್. ಅದರ ಅವಧಿ ಮುಗಿದ ಮಾರನೆಯ ದಿನವೂ ಡ್ರಾಯರಿನಲ್ಲಿ ತೋಟಾ ಉಳಿದಿದ್ದರೆ ಅಂದಿನಿಂದ ಅದು ಅಪರಾಧ. ನವೀಕರಣದ ತಾರೀಕನ್ನು ಪಾಸ್‌ಪೋರ್ಟಿನ ತಾರೀಕಿನಷ್ಟೇ ಜೋಪಾನವಾಗಿ ನೆನಪಿಡಿ. ಗ್ರೀನ್ ಕಾರ್ಡ್ ಕೈಗೆ ಬಂದವರಿಗೆ ಈ ನಿಷೇಧವಿಲ್ಲ. ಇಎಡಿ (ಕೆಲಸದ ಪರವಾನಗಿ ಕಾರ್ಡ್) ಬಂದ ಮಾತ್ರಕ್ಕೆ ಗ್ರೀನ್ ಕಾರ್ಡ್ ಬಂದಂತಲ್ಲ. ಮಗ-ಸೊಸೆಯ ಮನೆಗೆ ಬಿ-2ರಲ್ಲಿ ಬಂದ ಅಪ್ಪ-ಅಮ್ಮನಿಗೂ ಇದೇ ನಿಯಮ. ಅವರು ಮಲಗುವ ಕೋಣೆಯ ಕಪಾಟಿನಲ್ಲಿ ತೋಟಾ ಇಡಬೇಡಿ.

ಫೆಡರಲ್ ನಿಯಮ ದಾಟಿದರೆ ರಾಜ್ಯದ ನಿಯಮ ಎದುರಾಗುತ್ತದೆ. ನಮ್ಮವರು ಹೆಚ್ಚಾಗಿರುವ ನ್ಯೂಜೆರ್ಸಿಯಲ್ಲಿ, ಹಾರಿಸಲು ಬರುವ, ತೋಟಾ ಬಳಸುವ ಗನ್ನು ಆಂಟಿಕ್ ಎನಿಸಬೇಕಾದರೆ ಅದು 1898ಕ್ಕಿಂತ ಮೊದಲಿನದಾಗಿರಬೇಕು, ಜೊತೆಗೆ ಅದರ ತೋಟಾ ಮಾರುಕಟ್ಟೆಯಲ್ಲಿ ಸಿಗದಂತಿರಬೇಕು. .32 ಸ್ಮಿತ್ ಅಂಡ್ ವೆಸನ್ ಇಂದಿಗೂ ಸಿಗುತ್ತದೆ, ಅಂದಮೇಲೆ ಅಲ್ಲಿ ಆ ಗನ್ನನ್ನು ಮಾಮೂಲಿ ಹ್ಯಾಂಡ್‌ಗನ್ನೆಂದೇ ಭಾವಿಸಿ ಪರ್ಮಿಟ್ ವಿಚಾರಿಸಬೇಕು. ನ್ಯೂಯಾರ್ಕಿನಲ್ಲಿ ಗನ್ನೂ ಅದಕ್ಕೆ ಹೊಂದುವ ತೋಟಾವೂ ಒಬ್ಬರ ಬಳಿಯೇ ಇದ್ದರೆ, ತೋಟಾ ಗನ್ನಿನೊಳಗೆ ಇಲ್ಲದಿದ್ದರೂ ‘ಲೋಡೆಡ್’ ಎಂದೇ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ತೋಟಾ ಕೊಳ್ಳಲು ಹಿನ್ನೆಲೆ ತಪಾಸಣೆ ಬಂದಿದೆ. ಇಲಿನಾಯ್‌ನಲ್ಲಿ ತೋಟಾಕ್ಕೂ ಫಾಯ್ಡ್ ಕಾರ್ಡ್, ಅಂದರೆ ರಾಜ್ಯ ಕೊಡುವ ಗನ್ ಮಾಲೀಕರ ಗುರುತಿನ ಚೀಟಿ, ಬೇಕು. ಆಂಟಿಕ್ ಎಂದು ಜೇಬಿಗೆ ಹಾಕಿಕೊಂಡು ಓಡಾಡುವ ಯೋಚನೆಯನ್ನಂತೂ ಬಿಟ್ಟುಬಿಡಿ.

ಕಾನೂನಿನ ಪ್ರಕಾರ ತೋಟಾ ಇಟ್ಟುಕೊಳ್ಳಬಹುದಾದವರು ಮುಂದೆ ನೋಡಬೇಕಾದದ್ದು ಯಾವ ತೋಟಾ ಎಂಬುದನ್ನು. .32 ಮತ್ತು .38 ಸ್ಮಿತ್ ಅಂಡ್ ವೆಸನ್ ತೋಟಾಗಳು ತಯಾರಾಗುತ್ತವೆ, ಆದರೆ ವರ್ಷವಿಡೀ ಅಂಗಡಿಯಲ್ಲಿರುವುದಿಲ್ಲ. .32 ಮತ್ತು .41 ರಿಮ್‌ಫೈರ್ (ತಳದ ಅಂಚಿಗೆ ಪೆಟ್ಟು ಬಿದ್ದು ಹಾರುವ ತೋಟಾಗಳು) ಹೆಚ್ಚುಕಡಿಮೆ ಸಂಗ್ರಹಕಾರರ ಪಾಲಾಗಿವೆ. .38 ಸ್ಮಿತ್ ಅಂಡ್ ವೆಸನ್ ಬೇರೆ, .38 ಸ್ಪೆಷಲ್ ಬೇರೆ: ಮೊದಲನೆಯದರ ಗುಂಡು ಸುಮಾರು .361 ಇಂಚು ದಪ್ಪ, ಎರಡನೆಯದರದು .357. ನಿಜವಾದ ಅಪಾಯ .32 ಎಸಿಪಿಯದು. ಪಿಸ್ತೂಲಿನ ಆ ತೋಟಾ ಕೆಲವು ಹಳೇ .32 ರಿವಾಲ್ವರ್‌ಗಳೊಳಗೆ ಸಲೀಸಾಗಿ ಕೂತುಬಿಡುತ್ತದೆ, ಒತ್ತಡ ಮಾತ್ರ ಅವು ತಾಳುವುದಕ್ಕಿಂತ ಹೆಚ್ಚು.

ಇಷ್ಟಕ್ಕೂ ಈ ಗನ್ನುಗಳು ಕರಿಮದ್ದಿಗಾಗಿ ಹುಟ್ಟಿದವು. ಪೆಟ್ಟಿಗೆಯಲ್ಲಿ ಬರುವ ಇಂದಿನ ತೋಟಾದಲ್ಲಿರುವುದು ಹೊಗೆರಹಿತ ಮದ್ದು. ಅದರ ಒತ್ತಡ ಒಮ್ಮೆಲೇ ಏರುತ್ತದೆ, ಮೆತ್ತನೆಯ ಲೋಹದ ಸಿಲಿಂಡರ್ ಸೀಳಬಹುದು. ಟಾಪ್ ಬ್ರೇಕ್, ಅಂದರೆ ಮೇಲಿನಿಂದ ಬಿಚ್ಚಿ ಮುಂದಕ್ಕೆ ಮಡಚುವ ಬಗೆ, ಆದರೆ ಮೇಲಿನ ಚಿಲಕ ದಿನದಿನಕ್ಕೆ ಸಡಿಲವಾಗುತ್ತದೆ. ಹಾರಿಸದೆ ಕಾಪಾಡಿಕೊಳ್ಳುವುದೇ ಈ ಗನ್ನುಗಳಿಗೆ ನಾವು ಮಾಡಬಹುದಾದ ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಾಪಾಡುವ ಕೆಲಸ ಖಾಲಿ ಇದೆಯೇ ಎಂದು ನೋಡುವುದರಿಂದ ಶುರು. ನೂರು ವರ್ಷದ ಹಿಂದೆ ತುಂಬಿಟ್ಟ ತೋಟಾ ಇನ್ನೂ ಒಳಗೇ ಇರುವುದುಂಟು. ಟಾಪ್ ಬ್ರೇಕ್ ಆದರೆ ಚಿಲಕ ಬಿಡಿಸಿ ಮಡಚಿ, ಉಳಿದವುಗಳಲ್ಲಿ ಸಿಲಿಂಡರಿನ ನಡುಕಡ್ಡಿ ಎಳೆದು ಸಿಲಿಂಡರನ್ನು ಕೈಗೆ ತೆಗೆದುಕೊಂಡು, ಪ್ರತಿ ತೂತಿನಲ್ಲೂ ಬೆಳಕು ಆರಪಾರ ಕಾಣುತ್ತದೆಯೇ ನೋಡಿ. ಯಾವುದಾದರೂ ಸಿಕ್ಕಿಕೊಂಡಿದ್ದರೆ ಕುಟ್ಟಬೇಡಿ, ಗನ್‌ಸ್ಮಿತ್ ಕೈಗೆ ಕೊಡಿ.

ಹಿಡಿಯ ಎರಡು ಫಲಕಗಳು ಗಟ್ಟಿ ರಬ್ಬರಿನವು, ಈಗ ಬಿಸ್ಕತ್ತಿನಂತೆ ಮುರಿಯುತ್ತವೆ. ಸ್ಕ್ರೂ ಪೂರ್ತಿ ಬಿಚ್ಚಿ ಉಗುರಿನಿಂದ ಎಬ್ಬಲು ಹೋದರೆ ಅಂಚು ಚೂರಾಗುತ್ತದೆ. ಸ್ಕ್ರೂವನ್ನು ಮೂರು-ನಾಲ್ಕು ಸುತ್ತು ಸಡಿಲಿಸಿ, ಅದರ ತಲೆಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಆಚೆ ಬದಿಯ ಫಲಕ ತಾನಾಗಿ ಮೇಲೇಳುತ್ತದೆ. ಆಮೇಲೆ ಒಳಗಿನಿಂದ ಒತ್ತಿ ಇನ್ನೊಂದನ್ನು ಬಿಡಿಸಿ. ಈ ಫಲಕಗಳಿಗೆ ಬಿಸಿನೀರು, ಬಿಸಿಲು ಎರಡೂ ಆಗದು, ಕರಿ ಬಣ್ಣ ಕಂದಾಗುತ್ತದೆ.

ಫ್ರೇಮಿನ ಸ್ಕ್ರೂಗಳಿಗೆ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ಎರಡು ಮೂರು ದಿನ ಕಾಯಿರಿ. ಮನೆಯ ಮಾಮೂಲಿ ಸ್ಕ್ರೂಡ್ರೈವರಿನ ತುದಿ ಬೆಣೆಯಾಕಾರದ್ದು, ಕಚ್ಚಿನಿಂದ ಜಾರಿ ತಲೆಯನ್ನು ಹಾಳುಮಾಡುತ್ತದೆ. ತುದಿ ಸಮನಾಗಿರುವ ಹಾಲೋ ಗ್ರೌಂಡ್ ಬಿಟ್ಟೇ ಬೇಕು. ನಿಕಲ್ ಮೇಲಿನ ತುಕ್ಕಿಗೆ ಎಣ್ಣೆ ಹಚ್ಚಿ 0000 ಉಕ್ಕಿನ ಉಣ್ಣೆಯಿಂದ ಹಗುರವಾಗಿ ಉಜ್ಜಿದರೆ ಸಾಕು. ಅಮೋನಿಯ ಇರುವ ನಳಿಕೆ ಕ್ಲೀನರ್ ಬಳಸಬೇಡಿ: ಲೇಪ ಎದ್ದ ಕಡೆ ಅಡಿಯಲ್ಲಿ ತಾಮ್ರದ ಪದರವಿದ್ದರೆ ಅದನ್ನು ತಿನ್ನುತ್ತದೆ, ಪಕ್ಕದ ನಿಕಲ್ಲೂ ಸಿಪ್ಪೆಯಾಗಿ ಕಳಚುತ್ತದೆ. ಬಫ್ ಹಿಡಿಸಿ ಫಳಫಳ ಹೊಳೆಸಿದರೆ ಅಕ್ಷರಗಳ ಅಂಚು ಸವೆದು ಬೆಲೆ ಬಿದ್ದುಹೋಗುತ್ತದೆ. ಕೊನೆಗೆ ರೆನೆಸಾನ್ಸ್ ವ್ಯಾಕ್ಸ್ ಎಂಬ ಮೇಣವನ್ನು ತೆಳುವಾಗಿ ಸವರಿ. ಮುರಿದ ಚಪ್ಪಟೆ ಸ್ಪ್ರಿಂಗಿನಂಥ ಭಾಗಗಳಿಗೆ ನ್ಯೂಯಾರ್ಕ್ ರಾಜ್ಯದ, ಗನ್ನಿನ ಬಿಡಿಭಾಗ ಮಾರುವ ನ್ಯೂಮ್ರಿಚ್ ಕಂಪನಿಯನ್ನು ವಿಚಾರಿಸಿ. ತೊಗಲಿನ ಚೀಲದಲ್ಲಿಟ್ಟರೆ ಅದು ತೇವ ಹಿಡಿದು ಮತ್ತೆ ತುಕ್ಕು ತರುತ್ತದೆ.

ಊರಿಗೆ ಒಯ್ಯುವ ಆಸೆ ಇರುವವರಿಗೆ: ಭಾರತದ 1959ರ ಆಯುಧ ಕಾಯ್ದೆಗೆ 1898ರ ಗೆರೆ ಗೊತ್ತಿಲ್ಲ. ಹಳೇ ಮಾದರಿಯ ಆಯುಧಕ್ಕೆ 45ನೇ ಸೆಕ್ಷನ್ ವಿನಾಯಿತಿ ಕೊಡುವುದು, ರಿಪೇರಿ ಮಾಡಿದರೂ ಹಾರಿಸಲಾಗದಂತಿದ್ದರೆ ಮಾತ್ರ. ನೀವು ಅಕ್ಕರೆಯಿಂದ ಸರಿಪಡಿಸಿದ ಗನ್ನು ಆ ಪರೀಕ್ಷೆಯಲ್ಲಿ ಸೋಲುತ್ತದೆ, ಲೈಸೆನ್ಸ್ ಇಲ್ಲದೆ ಅದನ್ನು ವಿಮಾನ ಹತ್ತಿಸಬೇಡಿ. ಶೂಟಿಂಗ್ ರೇಂಜಿಗೆ ಒಯ್ದಿದ್ದ ಬ್ಯಾಗನ್ನು ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ತರುವ ಮುನ್ನ ಅದರ ಒಳಜೇಬು, ಹೊಲಿಗೆ ಬಿಟ್ಟ ಅಸ್ತರಿನ ಸಂದು ಎಲ್ಲವನ್ನೂ ಬೆರಳಾಡಿಸಿ ನೋಡಿ. ಮರೆತ ಒಂದೇ ಒಂದು ತೋಟಾ ಸಿಕ್ಕರೂ ಪೊಲೀಸ್ ಠಾಣೆಗೆ ಹೋಗಬೇಕಾದೀತು.